ಎಂಜಿನ್ ಹಿಂದಿದೆ, ರೇಡಿಯೇಟರೂ ಹಿಂದೆಯೇ ಇದ್ದರೆ ಸಾಕೇ?

ಬಿಸಿಲು ಏರುತ್ತಿದ್ದಂತೆ ಗಾಡಿ ಓಡಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಲಹೆಗಳು ಓಡಾಡುತ್ತವೆ. ಗಾಳಿಯಿಂದ ತಂಪಾಗುವ ಹಳೆಯ ಟಂಟಂ ಅಥವಾ ಸರಕಿನ ವ್ಯಾನು ಗರಂ ಆಗಿ ನಡುದಾರಿಯಲ್ಲಿ ನಿಲ್ಲುತ್ತಿದೆಯೇ? ಹಾಗಿದ್ದರೆ ಗುಜರಿಯಿಂದ ನೀರಿನಿಂದ ತಂಪಾಗುವ ಎಂಜಿನ್ ತಂದು ಕೂರಿಸಿ, ರೇಡಿಯೇಟರನ್ನು ಅದರ ಪಕ್ಕದಲ್ಲೇ ಹಿಂದೆ ಬಿಗಿದು ಒಂದು ದೊಡ್ಡ ಫ್ಯಾನ್ ಹಾಕಿಬಿಡಿ, ಬೇಸಿಗೆಯ ಚಿಂತೆಯೇ ಇಲ್ಲ ಎನ್ನುವುದು ಇವುಗಳ ಸಾರ. ಜೊತೆಗೆ ಥರ್ಮೋಸ್ಟಾಟ್ ಕಿತ್ತುಹಾಕಿ, ಬೋರ್‌ವೆಲ್ ನೀರೇ ಸಾಕು ಎಂಬ ಬಾಲಂಗೋಚಿಗಳೂ ಇರುತ್ತವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಇದು ತಮಾಷೆಯ ವಿಷಯವಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 42ರಿಂದ 44 ಡಿಗ್ರಿ ಬಿಸಿ ಇರುತ್ತದೆ. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು, ಎಂಜಿನ್ ಹಿಡಿದುಕೊಂಡರೆ ಆ ವರ್ಷದ ಉಳಿತಾಯವೇ ಹೋಯಿತು. ಕುದಿಯುವ ನೀರಿನ ಪೈಪು ಪ್ರಯಾಣಿಕರ ಕಾಲಬುಡದಲ್ಲಿ ಒಡೆದರೆ ಹೋಗುವುದು ಹಣವಷ್ಟೇ ಅಲ್ಲ. ಆದ್ದರಿಂದ ಈ ಫಾರ್ವರ್ಡ್‌ನಲ್ಲಿ ಎಷ್ಟು ಹುರುಳಿದೆ, ಎಷ್ಟು ಜೊಳ್ಳಿದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಕೊನೆಗೆ ಎಲ್ಲ ಎಂಜಿನ್ನೂ ಗಾಳಿಯಿಂದಲೇ ತಂಪಾಗುವುದು

ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದು ಎಂಜಿನ್ನಿನ ಮೈಗೆ ಅಂಟಿಕೊಳ್ಳುವ ಬಿಸಿ. ಚಕ್ರಕ್ಕೆ 7 ಕಿಲೋವ್ಯಾಟ್ ಕೊಡುವ ಚಿಕ್ಕ ಎಂಜಿನ್ ಪೂರ್ತಿ ಭಾರ ಎಳೆಯುವಾಗ ಹೆಚ್ಚುಕಡಿಮೆ ಅಷ್ಟೇ ಬಿಸಿಯನ್ನು ಹೊರಹಾಕಬೇಕಾಗುತ್ತದೆ. ಬಕೆಟ್ಟಿನ ನೀರು ಕಾಯಿಸಲು ಹಾಕುವ ಕಾಯಿಲ್ ಸಾಮಾನ್ಯವಾಗಿ 1.5 ಕಿಲೋವ್ಯಾಟ್‌ನದು. ಅಂಥ ನಾಲ್ಕೈದು ಕಾಯಿಲ್‌ಗಳು ಎಂಜಿನ್ನಿನ ಒಳಗೆ ಒಟ್ಟಿಗೆ ಉರಿಯುತ್ತಿವೆ ಎಂದುಕೊಳ್ಳಿ.

ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ ಈ ಬಿಸಿ ನೇರವಾಗಿ ಸಿಲಿಂಡರಿನ ಸುತ್ತ ಇರುವ ಲೋಹದ ರೆಕ್ಕೆಗಳಿಗೆ ಹೋಗುತ್ತದೆ. ಫ್ಲೈವೀಲಿಗೆ ಕೂಡಿಸಿದ ಫ್ಯಾನು ತಗಡಿನ ಹೊದಿಕೆಯೊಳಗಿಂದ ಆ ರೆಕ್ಕೆಗಳ ಮೇಲೆ ಗಾಳಿ ಊದುತ್ತದೆ. ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಪಿಯಾಜಿಯೊ ಆಪೆಯ ಹಳೆಯ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ ಇದೇ ಬಗೆಯದು. ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ತಂದು ಅಲ್ಲಿ ಗಾಳಿಗೆ ಒಪ್ಪಿಸುತ್ತದೆ. ಅಂದರೆ ನೀರು ಇಲ್ಲಿ ಹಮಾಲ ಮಾತ್ರ. ಮಾಲು ಕೊನೆಗೆ ಇಳಿಯುವುದು ಗಾಳಿಯ ಅಂಗಡಿಯಲ್ಲೇ.

ಹಮಾಲ ಗಟ್ಟಿಗ ಎನ್ನುವುದರಲ್ಲಿ ಅನುಮಾನವಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಏರುವಾಗ ಹೀರುವ ಬಿಸಿ, ಒಂದು ಲೀಟರ್ ಗಾಳಿ ಹೀರುವುದಕ್ಕಿಂತ ಮೂರೂವರೆ ಸಾವಿರ ಪಟ್ಟು ಹೆಚ್ಚು. ಸಿಲಿಂಡರಿನ ಎಲ್ಲ ಕಡೆಯೂ ಒಂದೇ ಬಿಸಿ ಇರುವಂತೆ ನೋಡಿಕೊಳ್ಳುವುದು ನೀರಿನಿಂದ ಸುಲಭ. ಹೊಗೆಯ ನಿಯಮಗಳು ಬಿಗಿಯಾದಾಗ, ಅದರಲ್ಲೂ 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಬಂದಾಗ, ಡೀಸೆಲ್ ಮೂರು ಚಕ್ರದ ಗಾಡಿಗಳು ನೀರಿನ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. ಫಾರ್ವರ್ಡ್ ಹೇಳುವ ಮೊದಲರ್ಧ ಹೀಗಾಗಿ ಪೂರ್ತಿ ಸುಳ್ಳಲ್ಲ. ಎಡವಟ್ಟು ಇರುವುದು ಎರಡನೇ ಅರ್ಧದಲ್ಲಿ: ರೇಡಿಯೇಟರ್ ಎಲ್ಲಿಟ್ಟರೂ ನಡೆಯುತ್ತದೆ ಎಂಬಲ್ಲಿ.

44 ಡಿಗ್ರಿಯ ಲೆಕ್ಕ

ರೇಡಿಯೇಟರ್ ತಂಪನ್ನು ಹುಟ್ಟಿಸುವ ಯಂತ್ರವಲ್ಲ. ಅದು ಫ್ರಿಜ್ ಅಲ್ಲ, ಏಸಿಯೂ ಅಲ್ಲ. ಅದರೊಳಗಿನ ನೀರಿಗೂ ಅದರ ಜಾಲಿಗೆ ಬಡಿಯುವ ಗಾಳಿಗೂ ಇರುವ ಬಿಸಿಯ ಅಂತರವೇ ಅದರ ಬಂಡವಾಳ. ನೀರು 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 65. ಅದೇ ಗಾಳಿ 44 ಆದರೆ ಅಂತರ 46ಕ್ಕೆ ಇಳಿಯುತ್ತದೆ. ಬೆಂಗಳೂರಿನ ಸಂಜೆಯಲ್ಲಿ ಸರಿಯಾಗಿ ಕೆಲಸ ಮಾಡಿದ ರೇಡಿಯೇಟರು ಮೇ ತಿಂಗಳ ಚಿತ್ತಾಪುರದಲ್ಲಿ, ಏನೂ ಕೆಡದೆ, ತನ್ನ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕಳೆದುಕೊಳ್ಳುತ್ತದೆ.

ಈಗ ಅದೇ ರೇಡಿಯೇಟರನ್ನು ಹಿಂದೆ, ಎಂಜಿನ್ನಿನ ಪಕ್ಕದಲ್ಲಿ, ಮೂರೂ ಕಡೆ ತಗಡು ಮುಚ್ಚಿದ ಗೂಡಿನಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ಎಂಜಿನ್ನಿನ ಮೈ ಬಿಸಿ, ಸೈಲೆನ್ಸರಿನ ಬಿಸಿ, ರೇಡಿಯೇಟರೇ ಆಗಷ್ಟೇ ಹೊರಬಿಟ್ಟ ಬಿಸಿಗಾಳಿ, ಇವೆಲ್ಲ ಸೇರಿ ಆ ಗೂಡಿನ ಗಾಳಿ ಸುಲಭವಾಗಿ 60 ಡಿಗ್ರಿ ಮುಟ್ಟುತ್ತದೆ. ಫ್ಯಾನು ಎಳೆಯುವುದು ಈ ಗಾಳಿಯನ್ನು. ಅಂತರ ಈಗ ಬರೀ 30. ಮೊದಲಿನ ಅರ್ಧಕ್ಕಿಂತಲೂ ಕಡಿಮೆ. ಅಷ್ಟೇ ಬಿಸಿಯನ್ನು ಹೊರಹಾಕಬೇಕೆಂದರೆ ನೀರು 125 ಡಿಗ್ರಿಗೆ ಏರಬೇಕು. ಒತ್ತಡದ ಮುಚ್ಚಳ ಸರಿಯಾಗಿದ್ದರೂ ನೀರು 120ರ ಆಸುಪಾಸಿನಲ್ಲಿ ಕುದಿಯುತ್ತದೆ. ಗಾಡಿ ರಸ್ತೆ ಬದಿಯಲ್ಲಿ ಹಬೆ ಉಗುಳುತ್ತ ನಿಲ್ಲುವುದು ಈ ಲೆಕ್ಕದಿಂದಲೇ.

ದೊಡ್ಡ ಫ್ಯಾನ್ ಹಾಕಿದರೆ? ಬಿಸಿಗಾಳಿಯನ್ನು ಇನ್ನೂ ಜೋರಾಗಿ ಅಲ್ಲಲ್ಲೇ ಸುತ್ತಿಸುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಸೀಲಿಂಗ್ ಫ್ಯಾನ್ ಹಾಕಿದಂತೆ. ರೇಡಿಯೇಟರ್ ಎಲ್ಲಿಡಬೇಕು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಹೊಸ ಗಾಳಿ ಎಲ್ಲಿಂದ ಬರುತ್ತದೆ? ಬಿಸಿಯಾದ ಗಾಳಿ ಎಲ್ಲಿಗೆ ಹೋಗುತ್ತದೆ? ಮೊದಲನೆಯದನ್ನು ಗ್ಯಾರೇಜಿನಲ್ಲಿ ಎಲ್ಲರೂ ಯೋಚಿಸುತ್ತಾರೆ. ಎರಡನೆಯದನ್ನು ಮರೆಯುವವರೇ ಹೆಚ್ಚು. ಹೋಗುವ ದಾರಿ ಇಲ್ಲದಿದ್ದರೆ ಬರುವ ದಾರಿ ಎಷ್ಟು ಅಗಲವಿದ್ದರೂ ಗಾಳಿ ಒಳಗೆ ಬರುವುದಿಲ್ಲ. ಬೇಕಾಗುವ ಗಾಳಿಯಾದರೂ ಕಡಿಮೆಯೇ? 7 ಕಿಲೋವ್ಯಾಟ್ ಬಿಸಿಯನ್ನು ಹೊತ್ತೊಯ್ಯುವಾಗ ಗಾಳಿ 20 ಡಿಗ್ರಿಯಷ್ಟು ಬಿಸಿಯಾಗಬಹುದು ಎಂದಿಟ್ಟುಕೊಂಡರೂ, ಸೆಕೆಂಡಿಗೆ 300 ಲೀಟರಿನಷ್ಟು ಬೇಕು. ಒಂದೂವರೆ ಡೀಸೆಲ್ ಡ್ರಮ್ಮಿನಷ್ಟು ಗಾಳಿ, ಪ್ರತಿ ಸೆಕೆಂಡಿಗೆ.

ಕಂಪನಿಗಳು ಏನು ಮಾಡಿದವು

ಇದು ನಮ್ಮ ಊರಿನ ಮಿಸ್ತ್ರಿಗಳಿಗೆ ಮಾತ್ರ ಎದುರಾದ ಪ್ರಶ್ನೆಯಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಪ್ರಸಿದ್ಧ ವ್ಯಾನು 1950ರಲ್ಲಿ ಬಂದಾಗ ಎಂಜಿನ್ ಹಿಂದಿತ್ತು, ತಂಪು ಗಾಳಿಯದಾಗಿತ್ತು. 1980ರ ದಶಕದ ಆರಂಭದಲ್ಲಿ ಅದೇ ವ್ಯಾನಿಗೆ ನೀರು ತಂಪಿನ ಎಂಜಿನ್ ಕೂರಿಸಿದರು. ಎಂಜಿನ್ ಹಿಂದೆಯೇ ಉಳಿಯಿತು. ರೇಡಿಯೇಟರನ್ನು ಮಾತ್ರ ಗಾಡಿಯ ಮೂಗಿಗೆ ಒಯ್ದರು. ಅದಕ್ಕಾಗಿ ನೆಲದಡಿ ಉದ್ದಕ್ಕೂ ಪೈಪು ಎಳೆದರು, ಹದಿನೇಳು ಲೀಟರಿನ ಆಸುಪಾಸು ಕೂಲೆಂಟ್ ತುಂಬಿದರು. ಬ್ರೆಜಿಲ್‌ನಲ್ಲಿ ಕೋಂಬಿ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಹಳೆಯ ಮಾದರಿ 2005ರ ಕೊನೆಯವರೆಗೂ ಗಾಳಿ ತಂಪಿನದೇ ಆಗಿತ್ತು. ಆಮೇಲೆ 1.4 ಲೀಟರಿನ ನೀರು ತಂಪಿನ ಎಂಜಿನ್ ಬಂತು. 2013ರಲ್ಲಿ ನಿಲ್ಲುವವರೆಗೂ ಆ ಗಾಡಿಗಳ ಮೂಗಿನ ಮೇಲೆ ಕಪ್ಪು ಜಾಲರಿಯೊಂದು ಎದ್ದು ಕಾಣುತ್ತಿತ್ತು. ಚೆಂದವನ್ನು ಕೆಡಿಸಿತು ಎಂದು ಗೊಣಗಿದವರಿದ್ದಾರೆ. ಆದರೆ ಅದರ ಹಿಂದಿದ್ದದ್ದು ರೇಡಿಯೇಟರ್.

ಅಷ್ಟು ದೂರ ಹೋಗುವುದೂ ಬೇಡ. 1984ರಲ್ಲಿ ಬಂದು ಮುಂದೆ ಓಮ್ನಿ ಎನಿಸಿಕೊಂಡ ಮಾರುತಿ ವ್ಯಾನನ್ನು ನೋಡಿ. ಎಂಜಿನ್ ಮುಂದಿನ ಸೀಟಿನ ಕೆಳಗೆ, ರೇಡಿಯೇಟರ್ ಎಲ್ಲಕ್ಕಿಂತ ಮುಂದೆ.

ಕಾರಣ ಸರಳ. ಓಡುವ ಗಾಡಿಯ ಮೂಗಿನ ಮೇಲೆ ಗಾಳಿ ಒತ್ತುತ್ತದೆ, ಹಿಂಭಾಗದಲ್ಲಿ ಎಳೆತ ಉಂಟಾಗುತ್ತದೆ. ಮುಂದಿಟ್ಟ ರೇಡಿಯೇಟರಿಗೆ ಆ ಒತ್ತು ಪುಕ್ಕಟೆ ಸಿಗುತ್ತದೆ, ಎದುರಾಗುವ ಗಾಳಿಯೂ ಇನ್ನೂ ಯಾರೂ ಬಿಸಿ ಮಾಡಿರದ ಗಾಳಿ. ಲಾಭ ಎರಡು. ನಷ್ಟವೂ ಇದೆ. ಪೈಪು ಉದ್ದವಾಗುತ್ತದೆ, ಪ್ರತಿ ಜೋಡಣೆಯೂ ಸೋರುವ ಜಾಗವಾಗುತ್ತದೆ, ನೀರಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆ ಜರ್ಮನ್ ವ್ಯಾನಿಗೆ ಕೂಲೆಂಟ್ ತುಂಬುವಾಗ ಮುಂಭಾಗವನ್ನು ಎತ್ತರಿಸಿ, ರೇಡಿಯೇಟರಿನ ಮೇಲಿನ ತಿರುಪು ಸಡಿಲಿಸಿ ಗಾಳಿ ಬಿಡುವ ಕ್ರಮವೇ ಇದೆ. ಹೊಲದ ಪಿವಿಸಿ ಪೈಪು ಈ ಕೆಲಸಕ್ಕೆ ಖಂಡಿತ ಬೇಡ. 80 ಡಿಗ್ರಿ ಹತ್ತಿರ ಬರುವಷ್ಟರಲ್ಲಿ ಅದು ಮೆತ್ತಗಾಗುತ್ತದೆ. ಲೋಹದ ಪೈಪು, ರೇಡಿಯೇಟರಿಗೆಂದೇ ಮಾಡಿದ ರಬ್ಬರ್ ಹೋಸು, ಎಂಜಿನ್ನಿನ ಮೂಲ ಬಾಯಿಯಷ್ಟೇ ಅಗಲದ ದಾರಿ, ಎಲ್ಲಕ್ಕಿಂತ ಎತ್ತರದಲ್ಲಿ ಕೂಲೆಂಟ್ ಡಬ್ಬಿ: ಇಷ್ಟು ಕನಿಷ್ಠ.

ಮೂರು ಚಕ್ರದ ಗಾಡಿಯಲ್ಲಿ ಮೂಗೂ ಸುಲಭವಲ್ಲ. ನಡುವೆ ಚಕ್ರ, ಫೋರ್ಕು, ಅದರ ಹಿಂದೆ ಡ್ರೈವರಿನ ಕಾಲು. ಅಲ್ಲಿ ರೇಡಿಯೇಟರ್ ಇಟ್ಟರೆ ಬಿಸಿಗಾಳಿ ಹೊಡೆಯುವುದು ಡ್ರೈವರಿನ ಮೊಣಕಾಲಿಗೆ, ಬಿಸಿನೀರಿನ ಪೈಪು ಹಾಯುವುದು ಜನ ಕೂರುವ ಸೀಟಿನಡಿ. ಕಂಪನಿಯೇ ನೀರು ತಂಪಿನದಾಗಿ ಮಾಡಿದ ಟಂಟಂನಲ್ಲಿ ರೇಡಿಯೇಟರು ಎಂಜಿನ್ ಬಳಿಯೇ ಇದ್ದರೆ, ಹಾಗಾದರೆ ನಮ್ಮದು ಯಾಕಾಗದು ಎಂದು ಕೇಳಬಹುದು. ಅಲ್ಲಿ ಗಾಳಿ ಬರುವ ಬಾಯಿ, ಹೊರಡುವ ಬಾಯಿ, ನಡುವಿನ ತಡೆ, ಫ್ಯಾನಿನ ಅಳತೆ ಎಲ್ಲವನ್ನೂ ಬಿಸಿ ಕೋಣೆಯಲ್ಲಿ, ಬಿಸಿ ರಸ್ತೆಯಲ್ಲಿ ಓಡಿಸಿ ನೋಡಿ ಗೊತ್ತುಮಾಡಿರುತ್ತಾರೆ. ಜಾಗ ಒಂದೇ ಇರಬಹುದು, ಗಾಳಿಯ ದಾರಿ ಒಂದೇ ಅಲ್ಲ.

ಪಕ್ಕ, ಅಡಿ, ಮಾಳಿಗೆ

ಪಕ್ಕಕ್ಕೆ ಇಡುವುದು ಹಿಂದಿಡುವುದಕ್ಕಿಂತ ವಾಸಿ. ಆದರೆ ಗಾಳಿ ಗಾಡಿಯ ಪಕ್ಕಕ್ಕೆ ಸಮನಾಗಿ ಜಾರಿ ಹೋಗುತ್ತದೆ, ತಾನಾಗಿ ಒಳಗೆ ತಿರುಗುವುದಿಲ್ಲ. ಮುಂದಕ್ಕೆ ಬಾಯಿ ತೆರೆದ ತಗಡಿನ ಕಿವಿ ಬೇಕು. ಅದು ಮೈಯಿಂದ ಹೊರಚಾಚಿದರೆ ಸಂತೆಯ ಗದ್ದಲದಲ್ಲಿ ಯಾರ ಕೈಯನ್ನಾದರೂ ಗೀರೀತು.

ನೆಲದಡಿ ಮಲಗಿಸಿ ಇಡುವುದು ನೋಡಲು ಚೊಕ್ಕ, ಆದರೆ ನಮ್ಮ ಭಾಗಕ್ಕೆ ಅತ್ಯಂತ ಕೆಟ್ಟ ಜಾಗ. ಮೇ ತಿಂಗಳ ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟುವುದು ಹೊಸದಲ್ಲ, ಅದರ ಮೇಲಿನ ಒಂದಡಿ ಗಾಳಿ ಉಳಿದ ಗಾಳಿಗಿಂತ ಬಿಸಿ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಜಾಲಿಗೆ ಮೆತ್ತಿಕೊಂಡು ಒಣಗಿದರೆ ಇಟ್ಟಿಗೆಯೇ. ಜೊತೆಗೆ ಕಲ್ಲಿನ ಪೆಟ್ಟು.

ಮಾಳಿಗೆಯ ಮೇಲೆ ಇಟ್ಟವರೂ ಪ್ರಪಂಚದಲ್ಲಿದ್ದಾರೆ. ಗಾಳಿ ಚೆನ್ನಾಗಿ ಸಿಗುತ್ತದೆ, ಧೂಳು ಕಡಿಮೆ. ಆದರೆ ಕುದಿಯುವ ನೀರು ತಲೆಯ ಮೇಲೆ ಎನ್ನುವುದನ್ನು ನೆನೆದರೆ ನಮಗೆ ಅದನ್ನು ಯಾರಿಗೂ ಹೇಳುವ ಮನಸ್ಸಿಲ್ಲ.

ಗೇಟಿನ ಬಳಿ ನಿಂತಾಗ

ಗಾಡಿ ಓಡುವಾಗ ಸಿಗುವ ಪುಕ್ಕಟೆ ಗಾಳಿಗೆ ಒಂದು ಮೋಸವಿದೆ. ವೇಗ ಅರ್ಧವಾದರೆ ಗಾಳಿಯ ಒತ್ತು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಚೆನ್ನಾಗಿ ತಂಪಾಗುತ್ತಿದ್ದ ಗಾಡಿ 30ಕ್ಕೆ ಬಂದಾಗ ತಿಣುಕುವುದು ಇದಕ್ಕೇ. ರೈಲ್ವೆ ಗೇಟಿನಲ್ಲಿ, ಸಿಮೆಂಟ್ ಕಾರ್ಖಾನೆಯ ಮುಂದಿನ ಲಾರಿ ಸಾಲಿನಲ್ಲಿ ನಿಂತಾಗ ಆ ಒತ್ತು ಸೊನ್ನೆ. ಅದಕ್ಕಿಂತಲೂ ಕಷ್ಟದ್ದು ಚಿಂಚೋಳಿಯ ಗುಡ್ಡದ ಕಡೆ ತೊಗರಿ ಮೂಟೆ ತುಂಬಿಕೊಂಡು ಮೊದಲ ಗೇರಿನಲ್ಲಿ ಏರುವುದು: ಎಂಜಿನ್ ಪೂರ್ತಿ ದುಡಿಯುತ್ತಿದೆ, ಗಾಡಿ ಮಾತ್ರ ಓಡುತ್ತಿಲ್ಲ. ಆಗ ಫ್ಯಾನೊಂದೇ ಗತಿ.

ಆದ್ದರಿಂದ ಫ್ಯಾನ್ ಬೇಡ ಎಂದು ನಾವು ಹೇಳುತ್ತಿಲ್ಲ. ಫ್ಯಾನಿನ ಸುತ್ತ ರೇಡಿಯೇಟರಿನ ಪೂರ್ತಿ ಮೈಯನ್ನು ಮುಚ್ಚುವ ಹೊದಿಕೆ ಇರಬೇಕು. ಇಲ್ಲದಿದ್ದರೆ ಅದು ತನ್ನ ಎದುರಿನ ದುಂಡು ಜಾಗವನ್ನು ಮಾತ್ರ ತಂಪು ಮಾಡುತ್ತದೆ, ನಾಲ್ಕು ಮೂಲೆ ದಂಡ. ಓಡುವಾಗ ಗಾಳಿ ಬರುವ ದಿಕ್ಕಿನಲ್ಲೇ ಫ್ಯಾನ್ ತಳ್ಳಬೇಕು. ತಂತಿ ಅದಲುಬದಲಾಗಿ ಉಲ್ಟಾ ತಿರುಗಿದರೆ ಎರಡೂ ಗಾಳಿ ಎದುರುಬದುರು ಕಾದಾಡುತ್ತವೆ. ಕಾರಿನ ವಿದ್ಯುತ್ ಫ್ಯಾನಿಗೆ 12 ವೋಲ್ಟಿನಲ್ಲಿ ಹತ್ತು ಆಂಪಿಯರಿನಷ್ಟು ಕರೆಂಟು ಸಾಮಾನ್ಯ. ಹಳೆಯ ಟಂಟಂನ ಚಾರ್ಜಿಂಗ್ ವ್ಯವಸ್ಥೆಯನ್ನು ಮಾಡಿದ್ದು ಲೈಟು ಹಾರ್ನಿಗೆ. ಸಂಜೆ ಹೆಡ್‌ಲೈಟ್ ಹಾಕಿದ ಮೇಲೆ ಫ್ಯಾನ್ ನಿಧಾನವಾದರೆ ಆಶ್ಚರ್ಯವಿಲ್ಲ.

ಈಗಾಗಲೇ ಬದಲಾಯಿಸಿ ಓಡಿಸುತ್ತಿರುವವರು ಒಂದು ಪರೀಕ್ಷೆ ಮಾಡಿ ನೋಡಬಹುದು. ತಂತಿಯ ತುದಿಯಲ್ಲಿ ಕಡ್ಡಿ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಆ ಕಡ್ಡಿಯನ್ನು ರೇಡಿಯೇಟರಿಗೆ ಗಾಳಿ ಒಳಹೋಗುವ ಬದಿಯಲ್ಲಿ, ಜಾಲಿಗೆ ತಾಗದಂತೆ ಕಟ್ಟಿ ಅರ್ಧ ಗಂಟೆ ಓಡಿಸಿ. ಹೊರಗಿನ ನೆರಳಿನ ಬಿಸಿಗಿಂತ ಅಲ್ಲಿ ಹತ್ತು ಡಿಗ್ರಿ ಹೆಚ್ಚಿದ್ದರೆ ಗಾಡಿ ತನ್ನ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದೆ ಎಂದರ್ಥ. ಆಗ ದೊಡ್ಡ ರೇಡಿಯೇಟರಿಗೆ ದುಡ್ಡು ಸುರಿಯುವ ಮೊದಲು ಸುತ್ತಲಿನ ಸಂದುಗಳನ್ನು ದಪ್ಪ ರಬ್ಬರ್ ಹಾಳೆಯಿಂದ ಮುಚ್ಚಿ, ಬಿಸಿಗಾಳಿ ಕೆಳಕ್ಕೋ ಹಿಂದಕ್ಕೋ ಹೊರಬೀಳಲು ದಾರಿ ಮಾಡಿ. ಖರ್ಚು ಕೆಲವು ನೂರು ರೂಪಾಯಿ.

ಸುಣ್ಣದ ನಾಡಿನ ಧೂಳು, ಸುಣ್ಣದ ನಾಡಿನ ನೀರು

ವಾಡಿ, ಶಹಾಬಾದ್, ಸೇಡಂ ಸುತ್ತಲಿನ ನೆಲದಡಿ ಇರುವುದು ಸುಣ್ಣಕಲ್ಲು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ರೇಡಿಯೇಟರಿಗೆ ಇದರಿಂದ ಎರಡು ತೊಂದರೆ, ಒಂದು ಹೊರಗಿನಿಂದ, ಇನ್ನೊಂದು ಒಳಗಿನಿಂದ.

ಹೊರಗಿನದು ಧೂಳು. ಓಡುವ ಗಾಡಿಯ ಹಿಂಭಾಗದಲ್ಲಿ ಗಾಳಿ ಸುಳಿಯಾಗಿ ಸುತ್ತುತ್ತದೆ, ಚಕ್ರ ಎಬ್ಬಿಸಿದ ಧೂಳೆಲ್ಲ ಅಲ್ಲಿ ನೆರೆಯುತ್ತದೆ. ಟಂಟಂನ ಹಿಂದಿನ ಬಾಗಿಲ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಮುಂದಿನ ಗಾಜಿನ ಮೇಲೆ ಅಷ್ಟು ಕೂರುವುದಿಲ್ಲ; ಇದನ್ನು ಎಲ್ಲರೂ ಕಂಡಿದ್ದೇವೆ. ಹಿಂದಿಟ್ಟ ರೇಡಿಯೇಟರ್ ಆ ಧೂಳನ್ನೇ ಎಳೆಯುತ್ತದೆ. ಎಂಜಿನ್ನಿನಿಂದ ಜಿನುಗುವ ಎಣ್ಣೆ ಅದಕ್ಕೆ ಅಂಟು. ಕೆಲವೇ ವಾರಗಳಲ್ಲಿ ಜಾಲಿಯ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ತೊಳೆಯುವಾಗ ನೆನಪಿಡಬೇಕಾದ್ದು, ಸಿಮೆಂಟ್ ಧೂಳಿಗೆ ನೀರು ತಾಕಿದರೆ ಗಟ್ಟಿಯಾಗುತ್ತದೆ. ಮೊದಲು ಪಂಕ್ಚರ್ ಅಂಗಡಿಯ ಒಣಗಾಳಿಯನ್ನು ಗಾಳಿ ಹೊರಹೋಗುವ ಬದಿಯಿಂದ ಒಳಬರುವ ಬದಿಗೆ ಊದಿಸಿ. ಆಮೇಲೆ ಬೇಕಿದ್ದರೆ ಸೋಪಿನ ನೀರು, ಮೆಲ್ಲಗೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಮಡಚಿದ ರೆಕ್ಕೆಯ ನಡುವೆ ಗಾಳಿ ಹೋಗದು.

ಒಳಗಿನದು ನೀರು. ಸುಣ್ಣಕಲ್ಲಿನ ಮೂಲಕ ಇಳಿದ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಅದನ್ನು ಕಾಯಿಸಿದಾಗ ಸುಣ್ಣ ಬೇರ್ಪಟ್ಟು ಬಿಳಿ ಪದರವಾಗಿ ಕೂರುತ್ತದೆ. ಸ್ನಾನದ ಹಂಡೆಯ ಒಳಗೆ, ಕಾಯಿಲ್‌ನ ಮೇಲೆ ನೋಡಿರುತ್ತೀರಿ. ಅಲ್ಯುಮಿನಿಯಂಗೆ ಹೋಲಿಸಿದರೆ ಈ ಪದರ ಬಿಸಿಯನ್ನು ದಾಟಿಸುವುದು ನೂರರಲ್ಲಿ ಒಂದು ಪಾಲಿನಷ್ಟು. ಆದರೆ ಇಲ್ಲಿ ಒಂದು ಮಾತನ್ನು ಸರಿಯಾಗಿ ತಿಳಿಯಬೇಕು. ಒಂದು ಸಲ ತುಂಬಿ ಮುಚ್ಚಿದ ನೀರಿನಲ್ಲಿ ಇರುವ ಸುಣ್ಣ ಅಷ್ಟೇ, ಅದು ಮತ್ತೆ ಹುಟ್ಟುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬಯಸುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ನಡುವಿನ 400 ಎಂದು ಹಿಡಿಯಿರಿ. ಆರು ಲೀಟರ್ ತುಂಬಿದರೆ ಒಳಹೋಗುವುದು ಎರಡೂವರೆ ಗ್ರಾಮಿನಷ್ಟೂ ಇಲ್ಲ. ಆದರೆ ಹೋಸು ಸೋರಿ ದಿನಕ್ಕೆ ಒಂದು ಲೀಟರಿನಂತೆ ಬೇಸಿಗೆಯ 90 ದಿನ ಸುರಿದರೆ 36 ಗ್ರಾಂ. ಅಪರಾಧಿ ಬೋರ್‌ವೆಲ್ ನೀರೊಂದೇ ಅಲ್ಲ, ಸೋರಿಕೆಯನ್ನು ಬಿಟ್ಟು ನೀರು ಸುರಿಯುವ ಅಭ್ಯಾಸ. ಕೂಲೆಂಟ್ ಬೆರೆಸಲು ಬ್ಯಾಟರಿ ನೀರು ಬಳಸಿ, ಊರಲ್ಲೆಲ್ಲ ಸಿಗುತ್ತದೆ. ಕೂಲೆಂಟ್ ಇರುವುದು ಚಳಿದೇಶಕ್ಕೆ ಎನ್ನುವವರಿದ್ದಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಕೆಲವು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಅದು ವಿಷ, ರುಚಿ ಸಿಹಿ. ಮಕ್ಕಳಿಗೆ, ನಾಯಿಗಳಿಗೆ ಸಿಗುವಂತೆ ಇಡಬೇಡಿ.

ಥರ್ಮೋಸ್ಟಾಟ್ ಕೀಳುವ ಸಲಹೆ

ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಬಿಸಿಯಾದ ಮೇಲೆ ದಾರಿ ಬಿಡುವ ಚಿಕ್ಕ ಕವಾಟ ಥರ್ಮೋಸ್ಟಾಟ್. ತಡೆಯನ್ನೇ ತೆಗೆದರೆ ಯಾವಾಗಲೂ ತಂಪು ಎನ್ನುವುದು ಕೇಳಲು ಸರಿ. ಕೆಲವು ಎಂಜಿನ್‌ಗಳಲ್ಲಿ ಇದೇ ಕವಾಟ ತೆರೆದುಕೊಳ್ಳುವಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ಮರಳುತ್ತದೆ. ಅಂದರೆ ಗರಂ ಆಗುವುದು ಹೆಚ್ಚಾಗಬಹುದು. ಡಿಸೆಂಬರಿನ ಬೆಳಗಿನಲ್ಲಿ ಎಂಜಿನ್ ಬಿಸಿಯಾಗಲು ತುಂಬ ಹೊತ್ತು ಬೇಕಾಗಿ ಸವೆತ, ಹೊಗೆ, ಡೀಸೆಲ್ ಖರ್ಚು ಏರುತ್ತವೆ. ಕೆಟ್ಟ ಥರ್ಮೋಸ್ಟಾಟನ್ನು ಬದಲಿಸಿ. ಹೊಸದನ್ನು ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿದರೆ ಅದು ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಬಹುದು.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಮತ್ತೆ ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಫಾರ್ವರ್ಡ್‌ಗಳು ಇದನ್ನು ಹೇಳುವುದೇ ಇಲ್ಲ. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರೂ ಗಾಡಿಯಲ್ಲಿರುವ ನಂಬರೂ ಬೇರೆಯಾಗಿದ್ದರೆ ಅಪಘಾತದ ದಿನ ವಿಮೆ ಕಂಪನಿ ಮೊದಲು ಹಿಡಿಯುವುದು ಅದನ್ನೇ. ಎಂಜಿನ್ ಬದಲಿಸುವ ಯೋಚನೆ ಇದ್ದವರು ಗುಜರಿ ಅಂಗಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು.

ನಮ್ಮನ್ನು ಕೇಳಿದರೆ, ಬಾಡಿಗೆಗೆ ಜನರನ್ನು ಕೂರಿಸುವ ಟಂಟಂನಲ್ಲಿ ಈ ಬದಲಾವಣೆಗೆ ಕೈಹಾಕದಿರುವುದೇ ಲೇಸು. ಗಾಳಿ ತಂಪಿನ ಹಳೆಯ ಎಂಜಿನ್ ಗರಂ ಆಗಲು ಎಷ್ಟೋ ಸಲ ಕಾರಣ ಸಣ್ಣದು. ರಿಪೇರಿಗೆಂದು ಬಿಚ್ಚಿದ ತಗಡಿನ ಹೊದಿಕೆಯನ್ನು ಮತ್ತೆ ಹಾಕದೆ ಬಿಡುತ್ತಾರೆ, ಗಾಳಿ ಇನ್ನೂ ಚೆನ್ನಾಗಿ ಬೀಸಲಿ ಎಂದು. ಹೊದಿಕೆ ಇಲ್ಲದಿದ್ದರೆ ಫ್ಯಾನಿನ ಗಾಳಿ ಸಿಲಿಂಡರಿನ ಹಿಂಬದಿಗೆ ತಲುಪುವುದೇ ಇಲ್ಲ. ರೆಕ್ಕೆಗಳ ನಡುವೆ ಎಣ್ಣೆ–ಧೂಳಿನ ಮುದ್ದೆ, ಹಳೆಯ ಎಂಜಿನ್ ಆಯಿಲ್, ಹದ ತಪ್ಪಿದ ಡೀಸೆಲ್ ಪಂಪು, ಎರಡರಷ್ಟು ಭಾರ. ಇವನ್ನು ಸರಿಪಡಿಸಿದ ಮೇಲೂ ನಿಲ್ಲುತ್ತಿದ್ದರೆ ಆಗ ಬೇರೆ ಗಾಡಿಯ ಮಾತು.

ಮುಚ್ಚಳಕ್ಕೆ ಕೈ ಹಾಕುವ ಮುನ್ನ

ಗಾಳಿ ತಂಪಿನ ಗಾಡಿಯಿಂದ ನೀರಿನ ಗಾಡಿಗೆ ಬಂದವರಿಗೆ ಒಂದು ಅಪಾಯ ಹೊಸದು. ರೇಡಿಯೇಟರಿನ ಮುಚ್ಚಳವೆಂದರೆ ಕುಕ್ಕರಿನ ಮುಚ್ಚಳವೇ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು ಎಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸೀಟಿ ಬಿಡದ ಕುಕ್ಕರನ್ನು ಯಾರೂ ತೆರೆಯುವುದಿಲ್ಲ, ಇದನ್ನು ಮಾತ್ರ ಅವಸರದಲ್ಲಿ ತೆರೆಯುತ್ತಾರೆ. ಬಿಸಿಮುಳ್ಳನ್ನೂ ಪೂರ್ತಿ ನಂಬಬೇಡಿ. ನೀರೆಲ್ಲ ಸೋರಿಹೋಗಿದ್ದರೆ ಅದರ ಸೆನ್ಸರ್ ಖಾಲಿ ಜಾಗದಲ್ಲಿ ನಿಂತು, ಎಂಜಿನ್ ಕಾದು ಕೆಂಡವಾಗಿದ್ದರೂ ಕಡಿಮೆ ತೋರಿಸಬಹುದು.

ಹಬೆ ಕಂಡರೆ ಗಾಡಿ ಬದಿಗೆ ನಿಲ್ಲಿಸಿ, ಜನರನ್ನು ಇಳಿಸಿ, ಎಂಜಿನ್ ಆರಿಸಿ. ಕನಿಷ್ಠ ಅರ್ಧ ಗಂಟೆ ಬಿಡಿ. ನಮ್ಮ ಬಿಸಿಲಿನಲ್ಲಿ ಇನ್ನೂ ಹೆಚ್ಚು ಬೇಕಾದೀತು. ಮೇಲಿನ ಹೋಸನ್ನು ದಪ್ಪ ಬಟ್ಟೆಯಿಂದ ಹಿಚುಕಿ ನೋಡಿ, ಬಿಗುವಾಗಿದ್ದರೆ ಇನ್ನೂ ಕಾಯಿರಿ. ಮೆತ್ತಗಾದ ಮೇಲೆ ಬಟ್ಟೆ ಹಿಡಿದು, ಮುಖವನ್ನು ದೂರವಿಟ್ಟು ಮುಚ್ಚಳವನ್ನು ಮೊದಲ ಹಂತಕ್ಕೆ ಮಾತ್ರ ತಿರುವಿ ಹಬೆ ಹೋಗಲು ಬಿಡಿ. ಕಾದ ಎಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ ಸೀಳೀತು. ಯಾರಿಗಾದರೂ ಬಿಸಿನೀರು ಸಿಡಿದರೆ ಮೈಮೇಲಿನ ಒದ್ದೆ ಬಟ್ಟೆಯನ್ನು, ಅಂಟಿಕೊಂಡಿರದಿದ್ದರೆ, ತೆಗೆದು, ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಪೇಸ್ಟು, ಅರಿಸಿನ, ಎಂಜಿನ್ ಆಯಿಲ್ ಯಾವುದನ್ನೂ ಹಚ್ಚಬೇಡಿ. ಮುಖ, ಕಣ್ಣು ಅಥವಾ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ 108ಕ್ಕೆ ಕರೆ ಮಾಡಿ.